ಮಾಘದ ಬಿಸಿಲಿಗೆ ಹಾಕಿದ ಸಂಡಿಗೆ

ಈ ವರ್ಷ ಜನವರಿ ಕೊನೆಯಿಂದ ಹೋಳಿಯವರೆಗೆ ಇಪ್ಪತ್ತು ಕೇಜಿ ಹತ್ತಿರ ಸಂಡಿಗೆ ಮಾಡಿದೆ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಮೂರನೇ ಮಹಡಿಯ ಒಂದೇ ಬೆಡ್‌ರೂಮಿನ ಮನೆಯಲ್ಲಿ. ಅಂಗಳ ಇಲ್ಲ, ಟೆರೇಸ್ ಇಲ್ಲ. ಒಂದು ಸಂಡಿಗೆಗೂ ಬೂಷ್ಟು ಹಿಡಿಯಲಿಲ್ಲ. ಎಣ್ಣೆಗೆ ಬಿಟ್ಟರೆ ಹೂವಿನ ಹಾಗೆ ಅರಳುತ್ತದೆ. ಮೊದಲ ಸಲ ಹೇಳಿದಾಗ ಊರಿನಿಂದ ನಮ್ಮ ಅತ್ತೆ ಫೋನಿನಲ್ಲೇ, "ಮಾಘ ಮಾಸದಲ್ಲಿ ಯಾರೇ ಸಂಡಿಗೆ ಹಾಕ್ತಾರೆ? ಚೈತ್ರ ಬರ್ಲಿ, ಸುಮ್ನಿರು" ಅಂದಿದ್ದರು. ಪಕ್ಕದ ಮನೆ ಕಾಕು ಕೂಡ ಅದನ್ನೇ ಅಂದರು. ಮರಾಠಿಯವರು ಈ ಹಪ್ಪಳ, ಸಂಡಿಗೆ, ಕುರಡಯಿ ಎಲ್ಲದಕ್ಕೂ ಸೇರಿಸಿ ವಾಳವಣ ಅನ್ನುತ್ತಾರೆ. ಅದೂ ಏಪ್ರಿಲ್, ಮೇ ತಿಂಗಳ ಕೆಲಸವೇ.

ಹಿಟ್ಟು ಹೇಗೆ ಬೇಯಿಸಬೇಕು, ಉಪ್ಪು ಎಷ್ಟು ಅನ್ನೋದನ್ನ ಇಲ್ಲಿ ಬರೆಯೋದಿಲ್ಲ. ಸಂಡಿಗೆ ಹಾಕುವವರಿಗೆ ಅದು ಗೊತ್ತೇ ಇದೆ. ನಾನು ಹೇಳಬೇಕಾಗಿರೋದು ಬಿಸಿಲಿನ ವಿಷಯ.

ನಮ್ಮ ಸೊಸೈಟಿಯವರು 2017ರಲ್ಲಿ ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಬೀಗ ಹಾಕಿದರು. ಕೇಳಿದರೆ ನಾಳೆ, ನಾಡಿದ್ದು ಅಂದರು. ಆಮೇಲೆ ಕೇಳೋದನ್ನೇ ಬಿಟ್ಟೆ. 2018ರ ಏಪ್ರಿಲ್‌ನಲ್ಲಿ ಬಾಲ್ಕನಿಯಲ್ಲೇ ನಾಲ್ಕು ಕೇಜಿ ಅಕ್ಕಿಯದ್ದು ಹಾಕಿದೆ. ಹೊರಗೆ ಕೆಂಡದಂಥ ಬಿಸಿಲು, ನನ್ನ ಬಾಲ್ಕನಿಗೆ ಮಾತ್ರ ಬೆಳಗ್ಗೆ ಎರಡು ಗಂಟೆ. ಮೇಲಿನ ಮನೆಯ ಸ್ಲ್ಯಾಬ್ ಉಳಿದದ್ದನ್ನೆಲ್ಲ ತಡೆಯುತ್ತಿತ್ತು. ಆರನೇ ದಿನ ಸಂಡಿಗೆ ತಿರುಗಿಸಿ ನೋಡಿದರೆ ತಳದಲ್ಲಿ ಹಸಿರು ಚುಕ್ಕಿ. ಅಷ್ಟನ್ನೂ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಅಕ್ಕಿ, ಗ್ಯಾಸು ಎಲ್ಲ ಸೇರಿ ಐನೂರು ರೂಪಾಯಿ ಇರಬಹುದು. ಹಣಕ್ಕಿಂತ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿಟ್ಟು ತಿರುವಿದ ಕೈ ನೋವು ನೆನಪಿದೆ.

ಆಮೇಲೆ ಕನ್ನಡಿ ತಂದೆ. ಬಾಲ್ಕನಿಯ ಕಟ್ಟೆಗೆ ಎರಡು ದೊಡ್ಡ ಕನ್ನಡಿ ಒರಗಿಸಿ ಬಿಸಿಲನ್ನು ಒಳಗೆ ತಿರುಗಿಸೋದು ಅಂತ. ಸಾವಿರದ ನಾನೂರು ಕೊಟ್ಟೆ. ಬಿಸಿಲು ತಿರುಗಿತು, ಆದರೆ ಹತ್ತು ನಿಮಿಷಕ್ಕೊಮ್ಮೆ ಕನ್ನಡಿ ಸರಿಸಬೇಕು. ಇಲ್ಲದಿದ್ದರೆ ಬೆಳಕು ಗೋಡೆ ಹತ್ತಿ ಎದುರಿನ ಬಿಲ್ಡಿಂಗಿನವರ ಕಣ್ಣಿಗೆ ಹೊಡೆಯುತ್ತದೆ. ಅವರು ದೂರು ಕೊಟ್ಟರು, ಅದು ನ್ಯಾಯವೂ ಹೌದು. 2019ರಲ್ಲಿ ಕರೆಂಟಿನ ಡ್ರೈಯರ್ ತಗೊಂಡೆ. ಆರೂವರೆ ಸಾವಿರ. ಹೊರಗೆ ಬೇಗ ಒಣಗಿ ತೊಗಟೆ ಕಟ್ಟಿತು, ಒಳಗೆ ಹಸಿ ಉಳಿಯಿತು. ಕರಿದರೆ ನಡುವೆ ಕಲ್ಲು. ಶಾಖ ಕಡಿಮೆ ಮಾಡಿ ನೋಡಿದೆ, ಕರೆಂಟ್ ಬಿಲ್ ಏರಿತು, ರುಚಿ ಬರಲಿಲ್ಲ. ಮೂರು ಸಾವಿರಕ್ಕೆ ಮಾರಿದೆ. ಪಾರಿವಾಳಕ್ಕೆ ಅಂತ ಹಾಕಿಸಿದ ಬಲೆಗೆ ಸಾವಿರದ ಎಂಟುನೂರು. ಮುಂಬೈಯಲ್ಲಿ ಬಲೆ ಇಲ್ಲದೆ ಏನನ್ನೂ ಒಣಗಿಸೋ ಹಾಗಿಲ್ಲ, ಅದೊಂದೇ ದಂಡವಾಗದ ಖರ್ಚು.

ಬಿಸಿಲು ನೋಡೋದನ್ನ ನಾನು ಕಲಿತಿದ್ದು 2020ರ ಲಾಕ್‌ಡೌನ್‌ನಲ್ಲಿ. ನಮ್ಮವರು ಬೆಳಗಿನ ಲೋಕಲ್ ರೈಲು ಹಿಡಿದು ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಕಡೆ ಹೋಗುವವರು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಏಳೂಕಾಲಕ್ಕೆ. ಅಷ್ಟು ಹೊತ್ತಿಗೆ ಅವರು ಠಾಣೆ ದಾಟಿರುತ್ತಿದ್ದರು. ವಾಪಸ್ ಬರುವಾಗ ಕತ್ತಲೆ. ಮನೆ ಕೊಂಡು ಹದಿನಾರು ವರ್ಷವಾಗಿತ್ತು, ಭಾನುವಾರ ಬಿಟ್ಟರೆ ನಮ್ಮ ಮನೆಗೆ ಬಿಸಿಲು ಎಲ್ಲಿ ಬರುತ್ತದೆ ಅಂತ ಅವರು ನೋಡೇ ಇರಲಿಲ್ಲ. ಆ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಹಾಲ್‌ನಲ್ಲಿ ಕೂತು, "ಇಲ್ಲಿ ಇಷ್ಟು ಬೆಳಕಿರುತ್ತಾ?" ಅಂದರು. ನನಗೆ ಗಂಟಲು ಕಟ್ಟಿತು. ಅವತ್ತೇ ಇಬ್ಬರೂ ಪೆನ್ಸಿಲ್ ಹಿಡಿದು ನೆಲದ ಮೇಲೆ ಬಿಸಿಲಿನ ಅಂಚಿಗೆ ಗೆರೆ ಎಳೆಯೋಕೆ ಶುರು ಮಾಡಿದೆವು.

ಮೊದಲ ತಿಂಗಳು ವ್ಯರ್ಥ. ನೆನಪಾದಾಗ ಎಳೆದ ಗೆರೆಗಳು, ಒಂದಕ್ಕೊಂದು ತಾಳೆಯೇ ಇಲ್ಲ. ಆಮೇಲೆ ಪ್ರತಿ ಭಾನುವಾರ ಮೂರೇ ಹೊತ್ತು ಇಟ್ಟುಕೊಂಡೆವು. ಒಂಬತ್ತೂವರೆ, ಹನ್ನೆರಡೂವರೆ, ನಾಲ್ಕು. ನೆಲ ಒರೆಸಿದರೆ ಪೆನ್ಸಿಲ್ ಹೋಗುತ್ತದೆ ಅಂತ ಬಣ್ಣದ ಟೇಪ್ ಚೂರು ಅಂಟಿಸಿದೆ.

ಆಗ ಗೊತ್ತಾಯಿತು. ನಮ್ಮ ಬೆಡ್‌ರೂಮಿನ ಕಿಟಕಿ ದಕ್ಷಿಣಕ್ಕಿದೆ, ಹೊರಗೆ ಚಾಚಿದ ಬಾಕ್ಸ್ ಗ್ರಿಲ್ ಇದೆ. ಏಪ್ರಿಲ್‌ನಲ್ಲಿ ಆ ಗ್ರಿಲ್‌ನ ಹೊರ ಅಂಚಿಗೆ ನಾಲ್ಕು ಬೆರಳು ಬಿಸಿಲು. ಮೇ ಮಧ್ಯಕ್ಕೆ ಅದೂ ಮಾಯ. ಮೋಡ ಇರಬೇಕು ಅಂದುಕೊಂಡೆ, ಆಕಾಶ ನೋಡಿದರೆ ಬೆಳ್ಳಗಿದೆ. ಮೇ 16ರ ಸುಮಾರಿಗೆ ಇಲ್ಲಿ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಅವತ್ತು ಹನ್ನೆರಡೂವರೆ ದಾಟಿ ನಾಲ್ಕೈದು ನಿಮಿಷಕ್ಕೆ ಕಾಂಪೌಂಡಿನಲ್ಲಿ ಸ್ಟೀಲ್ ಲೋಟ ಬೋರಲು ಹಾಕಿ ನೋಡಿದೆ, ನೆರಳು ಪೂರ್ತಿ ಲೋಟದ ಅಡಿಗೆ ಹೋಗಿತ್ತು. ಅಲ್ಲಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಗೆ ಬಿಸಿಲು ಬರೋದಾದರೂ ಹೇಗೆ?

ಡಿಸೆಂಬರ್ ಬಂದ ಹಾಗೆ ಅದೇ ಕಿಟಕಿಯಿಂದ ಬಿಸಿಲು ಒಳಗೆ ನಡೆದು ಬಂತು. ಮಂಚದ ಕಾಲಿನವರೆಗೆ, ನಾಲ್ಕೈದು ಅಡಿ. ಸೂರ್ಯ ತಗ್ಗಿನಲ್ಲಿ ಸಾಗುತ್ತಾನೆ, ಗ್ರಿಲ್ ಮೇಲಿನ ತಗಡು ಅವನಿಗೆ ಅಡ್ಡ ಬರೋದಿಲ್ಲ. ಊರಿನ ಅಂಗಳಕ್ಕೆ ನೆತ್ತಿಯ ಸೂರ್ಯ ಬೇಕು, ಫ್ಲಾಟಿಗೆ ತಗ್ಗಿನ ಸೂರ್ಯ ಬೇಕು. ನಾನು ಮೂರು ವರ್ಷ ಊರಿನ ಪಂಚಾಂಗ ಹಿಡಿದು ಇಲ್ಲಿ ಸಂಡಿಗೆ ಹಾಕುತ್ತಿದ್ದೆ. ಅದೇ ತಪ್ಪು. ಇನ್ನೊಂದು ಮಾತು, ಇಲ್ಲಿ ಮೇ ತಿಂಗಳೆಂದರೆ ಬರೀ ಸೆಕೆ. ಗಾಳಿಯಲ್ಲೇ ನೀರು. ಫೆಬ್ರವರಿಯಲ್ಲಿ ಗಾಳಿ ಒಣಗಿರುತ್ತದೆ, ತುಟಿ ಒಡೆಯುತ್ತದೆ. ತುಟಿ ಒಡೆಯುವ ಗಾಳಿಗೆ ಸಂಡಿಗೆ ಒಣಗದೆ ಇರುತ್ತದಾ?

2021ರಲ್ಲಿ ರಥಸಪ್ತಮಿ ಕಳೆದ ಮೇಲೆ ಒಂದೇ ಕೇಜಿ ಹಾಕಿ ನೋಡಿದೆ. ಮೂರೂವರೆ ದಿನಕ್ಕೆ ಕಟ್ ಅಂತ ಮುರಿಯಿತು.

ಈಗ ನನ್ನ ದಿನ ಹೀಗೆ ನಡೆಯುತ್ತದೆ. ಪೂರ್ವಕ್ಕೆ ಎದುರಿಗೆ ಟವರ್ ಇದೆ, ಸೂರ್ಯ ಅದರ ಬದಿಯಿಂದ ಈಚೆ ಬರೋದು ಒಂಬತ್ತರ ಹತ್ತಿರ. ಒಂಬತ್ತರಿಂದ ಹನ್ನೊಂದೂಕಾಲು ಬಾಲ್ಕನಿ. ಆಮೇಲೆ ಟ್ರೇಗಳನ್ನೆತ್ತಿ ದಕ್ಷಿಣದ ಗ್ರಿಲ್‌ಗೆ, ಮೂರೂಕಾಲಿನವರೆಗೆ. ಮೂರೂವರೆಗೆ ಅಡುಗೆಮನೆಯ ಪಶ್ಚಿಮದ ಕಿಟಕಿ. ಐದೂ ಮುಕ್ಕಾಲಿಗೆ ಒಳಗೆ. ಸೂರ್ಯ ಮುಳುಗೋದು ಆಗ ಆರೂವರೆ ದಾಟಿದ ಮೇಲೆ, ಆದರೂ ಕೊನೆಯ ಮುಕ್ಕಾಲು ಗಂಟೆಯ ಬಿಸಿಲಿಗೆ ಆಸೆ ಪಡಬೇಡಿ. ಬಣ್ಣ ಚೆನ್ನಾಗಿರುತ್ತದೆ, ಕಸುವು ಇರೋದಿಲ್ಲ. ಆ ಹೊತ್ತಿಗೆ ಸಂಡಿಗೆ ತೇವ ಎಳೆದುಕೊಳ್ಳೋಕೆ ಶುರು ಮಾಡುತ್ತದೆ. ಕೈಯಲ್ಲಿ ಮುಟ್ಟಿದರೆ ತಿಳಿಯುತ್ತದೆ, ಗರಿಗರಿ ಇದ್ದ ಅಂಚು ಸ್ವಲ್ಪ ಬಾಗುತ್ತದೆ.

ಟ್ರೇ ಅಂದರೆ ಮರದ ಚೌಕಟ್ಟಿಗೆ ಸೊಳ್ಳೆ ಜಾಲರಿ ಬಿಗಿದದ್ದು. ಎಂಟು ಮಾಡಿಸಿದೆ, ಬಡಗಿ ಒಂದಕ್ಕೆ ಇನ್ನೂರ ಐವತ್ತರ ಹಾಗೆ ತಗೊಂಡ. ಮೊದಲ ದಿನ ಟ್ರೇ ಮೇಲೆ ಹಳೆ ಕಾಟನ್ ಸೀರೆ ಹಾಸಿ ಸಪಾಟಾಗಿ ಇಡಬೇಕು. ಓರೆ ಇಟ್ಟರೆ ಹಿಟ್ಟು ಜಾರಿ ಸಂಡಿಗೆ ಮೀನಿನ ಆಕಾರಕ್ಕೆ ಬರುತ್ತದೆ. ಎರಡನೇ ದಿನ ಬಟ್ಟೆಯಿಂದ ಬಿಡಿಸಿ, ಮಗುಚಿ, ಬರೀ ಜಾಲರಿಯ ಮೇಲಿಟ್ಟು, ಟ್ರೇಯನ್ನು ಸೂರ್ಯನ ಕಡೆ ವಾಲಿಸಬೇಕು. ಎಷ್ಟು ಓರೆ ಅನ್ನೋದಕ್ಕೆ ಲೆಕ್ಕ ಬೇಡ. ಟ್ರೇ ಮೂಲೆಯಲ್ಲಿ ಒಂದು ಊದುಬತ್ತಿ ಕಡ್ಡಿ ನೆಟ್ಟಗೆ ಸಿಕ್ಕಿಸಿ. ಕಡ್ಡಿಯ ನೆರಳು ಕಡ್ಡಿಯ ಬುಡಕ್ಕೇ ಸೇರುವವರೆಗೆ ಟ್ರೇ ವಾಲಿಸಿ. ಅಷ್ಟೇ. ಆ ಹೊತ್ತಿಗೆ ಅದಕ್ಕಿಂತ ಜಾಸ್ತಿ ಬಿಸಿಲು ಅಲ್ಲಿ ಸಿಗೋದಿಲ್ಲ. ಇದನ್ನ ನನಗೆ ಯಾರೂ ಹೇಳಿಕೊಟ್ಟಿಲ್ಲ, ಲೋಟದ ನೆರಳು ನೋಡಿದ ಮೇಲೆ ಹೊಳೆದದ್ದು.

ಬಟ್ಟೆಯಿಂದ ಸಂಡಿಗೆ ಒಂದೂ ಮುರಿಯದೆ ಬಿಡಿಸೋಕೆ ನಾನೊಂದು ಕೆಲಸ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ. ರಾತ್ರಿ ಒಳಗೆ ಯಾವುದರಲ್ಲಿಡುತ್ತೇನೆ ಅನ್ನೋದೂ ಹಾಗೇ. ಅದರಿಂದ ಅರ್ಧ ದಿನ ಉಳಿಯುತ್ತದೆ.

ಗಾಜಿನ ಒಳಗಡೆ ಇಟ್ಟು ನೋಡಬೇಡಿ. ನಾನು ನೋಡಿದ್ದೇನೆ. ಬಿಸಿ ಆಗುತ್ತದೆ, ಗಾಳಿ ಆಡೋದಿಲ್ಲ, ಗಾಜಿಗೆ ಬೆವರು ಕಟ್ಟುತ್ತದೆ. ಅಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಜಾಡಿ ಇಟ್ಟರೆ ಮಾತ್ರ ಚೆನ್ನ, ಹದಿನೈದು ದಿನಕ್ಕೆ ಸಿಪ್ಪೆ ಮೆತ್ತಗಾಯಿತು. ಪಶ್ಚಿಮದ ಕಿಟಕಿ ಮಜ್ಜಿಗೆ ಮೆಣಸಿಗೆ ಹೇಳಿ ಮಾಡಿಸಿದ ಜಾಗ. ರಾತ್ರಿ ಮಜ್ಜಿಗೆಯಲ್ಲಿ, ಹಗಲು ಬಿಸಿಲಲ್ಲಿ, ಎಂಟು ದಿನಕ್ಕೆ ಒಳಗಿನ ಬೀಜ ಗಲಗಲ ಅಂದಿತು. ಬೂದುಗುಂಬಳದ ಅರಳು ಸಂಡಿಗೆ ಮಾತ್ರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಮಾಟುಂಗ ಮಾರ್ಕೆಟ್‌ನಿಂದ ಒಳ್ಳೆ ಬಲಿತ ಕಾಯಿ ತಂದಿದ್ದೆ, ಆದರೂ ಐದು ದಿನ ಹಿಡಿಯಿತು, ಬಣ್ಣ ಸ್ವಲ್ಪ ಮಾಸಿತು. ಬರುವ ವರ್ಷ ತುರಿದು ಇನ್ನೂ ಗಟ್ಟಿ ಹಿಂಡಿ ನೋಡಬೇಕು.

ಸಂಡಿಗೆಗೆ ಬೇಕಿಲ್ಲದ್ದನ್ನೂ ಈ ಗೆರೆಗಳಿಂದ ಕಲಿತೆ. ಡಿಸೆಂಬರ್ 21 ಅತಿ ಚಿಕ್ಕ ಹಗಲು ಅಂತ ಶಾಲೆಯಲ್ಲಿ ಓದಿದ್ದೆ, ಹಾಗಾಗಿ ಅವತ್ತೇ ಸೂರ್ಯ ಅತಿ ತಡವಾಗಿ ಹುಟ್ಟುತ್ತಾನೆ ಅಂತ ತಿಳಿದಿದ್ದೆ. ಹಾಗಿಲ್ಲ. ಸಂಕ್ರಾಂತಿ ಬಂದರೂ ಇಲ್ಲಿ ಬೆಳಗಾಗೋದು ತಡವಾಗುತ್ತಲೇ ಹೋಗುತ್ತದೆ. ಸಂಜೆ ಮಾತ್ರ ನವೆಂಬರ್ ಕೊನೆಯಿಂದಲೇ ನಿಧಾನಕ್ಕೆ ಬೆಳೆಯೋಕೆ ಶುರು. ಅತ್ತೆ ಸಾಗರದಿಂದ ಬೆಳಗ್ಗೆ ಏಳಕ್ಕೆ ಫೋನ್ ಮಾಡಿ "ಇಲ್ಲಿ ಬಿಸ್ಲು ಬಂತು, ಅಲ್ಲಿ?" ಅಂತ ಕೇಳುತ್ತಾರೆ. ಜನವರಿಯಲ್ಲಿ ನಮಗಿಂತ ಕಾಲು ಗಂಟೆ ಮೊದಲೇ ಅವರಿಗೆ ಬೆಳಗು. ಜೂನ್‌ನಲ್ಲಿ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಹೊತ್ತು, ಆರು ಗಂಟೆ. ಇದನ್ನ ಹೇಳಿದಾಗ ಅವರಿಗೆ ಖುಷಿಯಾಯಿತು. ಆಮೇಲಿಂದ ಜೂನ್‌ನಲ್ಲಿ ಆರಕ್ಕೇ ಫೋನ್ ಬರುತ್ತದೆ. ಗಡಿಯಾರದ ಹನ್ನೆರಡಕ್ಕೆ ಇಲ್ಲಿ ನಡು ಮಧ್ಯಾಹ್ನ ಆಗೋದೇ ಇಲ್ಲ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ ತಡ. ಮುಂಬೈಗೆ 1955ರವರೆಗೂ ತನ್ನದೇ ಬಾಂಬೆ ಟೈಮ್ ಇತ್ತಂತೆ, ಈಗಿನ ಗಡಿಯಾರಕ್ಕಿಂತ 39 ನಿಮಿಷ ಹಿಂದೆ. ನನ್ನ ಟ್ರೇಗಳಿಗೆ ಆ ಗಡಿಯಾರವೇ ಸರಿ ಅನ್ನಿಸುತ್ತದೆ.

ಮರೀನ್ ಡ್ರೈವ್‌ಗೆ ಹೋದಾಗಲೂ ಈಗ ನನಗೆ ಅದೇ ಕಣ್ಣು. ಡಿಸೆಂಬರ್‌ನಲ್ಲಿ ಸೂರ್ಯ ತೆರೆದ ಸಮುದ್ರಕ್ಕೆ ಇಳಿಯುತ್ತಾನೆ, ಮಳೆ ಹತ್ತಿರ ಬಂದಾಗ ಮಲಬಾರ್ ಹಿಲ್ ಹಿಂದೆ ಸರಿದಿರುತ್ತಾನೆ. ಇಪ್ಪತ್ತು ವರ್ಷದಿಂದ ಅದೇ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇವೆ, ಗಮನಿಸಿರಲಿಲ್ಲ.

ಹಣದ ಲೆಕ್ಕ ಕೇಳುತ್ತೀರಿ ಅಲ್ವಾ. ಮೊದಲ ವರ್ಷಗಳಲ್ಲಿ ಬಲೆಯೂ ಸೇರಿ ಖರ್ಚಾದದ್ದು ಏಳೆಂಟು ಸಾವಿರ. ಟ್ರೇಗೆ ಎರಡು ಸಾವಿರ. ಈಗ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಜನ ಬಂದು ತಗೊಂಡು ಹೋಗುತ್ತಾರೆ, ಕೇಜಿಗೆ ಏಳುನೂರು. ಮನೆಗೆ, ಊರಿಗೆ ಅಂತ ನಾಲ್ಕು ಕೇಜಿ ಎತ್ತಿಟ್ಟು ಉಳಿದದ್ದು ಮಾರಿದೆ. ಅಕ್ಕಿ, ಗ್ಯಾಸು, ಪ್ಯಾಕೆಟ್ಟು ಕಳೆದು ಎಂಟು ಸಾವಿರದ ಹತ್ತಿರ ಕೈಯಲ್ಲಿ ಉಳಿಯಿತು. ಮಾರ್ಚ್ ಎರಡನೇ ವಾರಕ್ಕೇ ಖಾಲಿ. ಏಪ್ರಿಲ್‌ನಲ್ಲಿ ಫೋನ್ ಮಾಡಿದವರಿಗೆ ಇಲ್ಲ ಅನ್ನಬೇಕಾಯಿತು. ಕಾಕು ಈ ಸಲ ತಮ್ಮ ಕುರಡಯಿಯನ್ನು ನನ್ನ ಗ್ರಿಲ್‌ನಲ್ಲೇ ಒಣಗಿಸಿಕೊಂಡರು.

ದಕ್ಷಿಣದ ಕಡೆ ಹಳೆ ಚಾಳು ಒಡೆದು ಪಾಯ ತೋಡಿದ್ದಾರೆ. ವಾಚ್‌ಮನ್ ಹದಿನಾಲ್ಕು ಮಹಡಿ ಅನ್ನುತ್ತಾನೆ. ಪೊರಕೆ ಕಡ್ಡಿ, ದಾರ ಹಿಡಿದು ಎತ್ತರ ಅಂದಾಜು ಮಾಡಿದೆ. ಹದಿನಾಲ್ಕು ಎದ್ದರೆ ಜನವರಿಯ ಬಿಸಿಲು ಹೋಗುತ್ತದೆ. ಫೆಬ್ರವರಿ ಎರಡನೇ ವಾರದಿಂದ ನಡು ಮಧ್ಯಾಹ್ನದ ಒಂದು ಗಂಟೆ ಸಿಗಬಹುದು, ಮಾರ್ಚ್‌ನಲ್ಲಿ ಇನ್ನೂ ಸ್ವಲ್ಪ. ಹನ್ನೊಂದಕ್ಕೆ ನಿಂತರೆ ಅಷ್ಟು ತೊಂದರೆ ಇಲ್ಲ. ಬೆಡ್‌ರೂಮಿನ ನೆಲದ ಟೇಪ್ ಚೂರುಗಳನ್ನು ಈ ದೀಪಾವಳಿ ಸ್ವಚ್ಛತೆಯಲ್ಲೂ ಕೀಳಬಾರದು ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.