ಬರ್ಕ್‌ಗೆ ನಿಲ್ಲುವುದು ಗೊತ್ತಿರಲಿಲ್ಲ

ಬರ್ಕ್ ನನ್ನ ಕುದುರೆ. ಬರ್ಕ್ ಎಂದರೆ ಅರಬಿಯಲ್ಲಿ ಮಿಂಚು. ಯಾರು ಇಟ್ಟ ಹೆಸರೋ, ಯೋಚಿಸಿಯೇ ಇಟ್ಟಿದ್ದಾರೆ. ಮೊದಲ ಸಲ ಅವನ ಮೇಲೆ ಹತ್ತಿದ ದಿನ ನನ್ನ ಎಡಗಾಲು ರಿಕಾಪಿನಲ್ಲಿ, ಅಂದರೆ ಜೀನಿನ ಕಾಲಿಡುವ ಕೊಂಡಿಯಲ್ಲಿತ್ತು, ಬಲಗಾಲು ಇನ್ನೂ ಗಾಳಿಯಲ್ಲಿತ್ತು. ಅಷ್ಟರಲ್ಲಿ ನಾವಿಬ್ಬರೂ ಅರೀನಾದ ಆ ಕಡೆಯ ಬೇಲಿ ಮುಟ್ಟಿಯಾಗಿತ್ತು.

ನಾನು ಹೊನ್ನಾವರದವಳು. ಅಕೌಂಟ್ಸ್ ಕೆಲಸಕ್ಕೆ ದುಬೈಗೆ ಬಂದು ಒಂಬತ್ತು ವರ್ಷ. ಸವಾರಿ ಕಲಿತದ್ದು ಇಲ್ಲಿಯೇ, ಮೂವತ್ತು ದಾಟಿದ ಮೇಲೆ. ಕಲಿಸಿದ್ದು ಶಾಲೆಯ ದಪ್ಪ, ಸೋಮಾರಿ ಕುದುರೆಗಳು. ಅವುಗಳನ್ನು ನಡೆಸುವುದೇ ಕಷ್ಟ. ಹಾಗಾಗಿ ಒಂದು ಲಾಯದಲ್ಲಿ ನಿವೃತ್ತ ಅರಬ್ ಕುದುರೆಯೊಂದನ್ನು ಬಹಳ ಕಡಿಮೆ ಬೆಲೆಗೆ ಕೊಡುತ್ತಾರೆ ಎಂದಾಗ ಖುಷಿಯಿಂದ ಹೂಂ ಅಂದೆ. ಹನ್ನೊಂದು ವರ್ಷದ, ಬೀಜ ತೆಗೆಸಿದ ಗಂಡು. ಎತ್ತರ 14.3 ಹ್ಯಾಂಡ್ಸ್, ಅಂದರೆ ನಾಲ್ಕು ಇಂಚಿನ 14 ಹ್ಯಾಂಡ್, ಮೇಲೆ ಮೂರು ಇಂಚು; ಹೆಗಲಿನವರೆಗೆ 59 ಇಂಚು. ಬಿಳಿ ಮೈ ಮೇಲೆ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕಿಗಳು. ಅಷ್ಟು ಕಡಿಮೆ ಬೆಲೆ ಯಾಕೆ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಬರ್ಕ್ ಓಡಿದ್ದು ಎಂಡ್ಯೂರೆನ್ಸ್ ಸ್ಪರ್ಧೆಗಳಲ್ಲಿ. ಮರಳುಗಾಡಿನ ದೂರದ ಓಟ ಅದು: 80, 100, 120 ಕಿ.ಮೀ., ದೊಡ್ಡವಕ್ಕೆ 160. ಓಟದುದ್ದಕ್ಕೂ ಪಕ್ಕದಲ್ಲಿ ಜೀಪುಗಳು ಬರುತ್ತವೆ, ಕಿಟಕಿಯಿಂದ ನೀರಿನ ಬಾಟಲಿ ಚಾಚುತ್ತಾರೆ. ನಡುನಡುವೆ ಪಶುವೈದ್ಯರ ತಪಾಸಣೆ. ಕುದುರೆಯ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯಬೇಕು, ಅದೂ ಕೊಟ್ಟ ಸಮಯದೊಳಗೆ. ಇಳಿಯದಿದ್ದರೆ ಓಟ ಅಲ್ಲಿಗೆ ಮುಗಿಯಿತು. ಅರಬ್ ತಳಿ ಈ ಆಟದಲ್ಲಿ ಎಲ್ಲರಿಗಿಂತ ಮುಂದೆ ಇರುವುದಕ್ಕೆ ಈ ಬೇಗ ಇಳಿಯುವ ಎದೆಬಡಿತವೂ ಒಂದು ಕಾರಣ.

ಅಂಥ ಕುದುರೆಯ ಎದೆಬಡಿತ, ಜೀನು ಕಂಡ ತಕ್ಷಣ, ಕಟ್ಟಿದ ಜಾಗದಲ್ಲಿ ಸುಮ್ನೆ ನಿಂತಿದ್ದಾಗಲೇ 68 ಇತ್ತು. ಸ್ಟೆತಸ್ಕೋಪನ್ನು ಅವನ ಎಡ ಮುಂಗಾಲಿನ ಮೊಣಕೈ ಹಿಂದೆ ಇಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದ್ದೆ. ಜೀನು ಇಲ್ಲದಾಗ ಅವನದು 36. ಆದರೆ ಇದನ್ನು ನಾನು ನೋಡಿದ್ದು ಒಂದು ತಿಂಗಳು ತಪ್ಪು ಮಾಡಿದ ಮೇಲೆ.

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದೇ. ಶಕ್ತಿ ಜಾಸ್ತಿ ಇದೆ ಅಲ್ವಾ, ಮೊದಲು ಸುಸ್ತು ಮಾಡಿಸೋಣ ಎಂದುಕೊಂಡೆ. ಉದ್ದ ಹಗ್ಗ ಕಟ್ಟಿ, ನಾನು ನಡುವೆ ನಿಂತು, ಇಪ್ಪತ್ತೈದು ನಿಮಿಷ ಸುತ್ತು ಓಡಿಸುತ್ತಿದ್ದೆ. ಆಮೇಲೆ ಹತ್ತುತ್ತಿದ್ದೆ. ಮೊದಲ ವಾರ ಸ್ವಲ್ಪ ತಣ್ಣಗಿದ್ದ. ಎರಡನೇ ವಾರ ಮೂವತ್ತೈದು ನಿಮಿಷ ಬೇಕಾಯಿತು. ಮೂರನೇ ವಾರ ನನ್ನ ತಲೆ ತಿರುಗುತ್ತಿತ್ತು, ಅವನು ಇನ್ನೂ ಬಾಲ ಎತ್ತಿಕೊಂಡೇ ಇದ್ದ. 120 ಕಿ.ಮೀ. ಓಡುವ ಕುದುರೆಗೆ ನಾನು ಪುಕ್ಕಟೆ ವ್ಯಾಯಾಮ ಮಾಡಿಸಿ ಇನ್ನಷ್ಟು ಗಟ್ಟಿ ಮಾಡುತ್ತಿದ್ದೆ.

ನಾಲ್ಕನೇ ವಾರ ಅರೀನಾ ಬಿಟ್ಟು ಹೊರಗಿನ ದಾರಿಗೆ ಹೋದೆವು. ಒಂದು ಪ್ಲಾಸ್ಟಿಕ್ ಚೀಲ ಹಾರಿ ಬಂತು. ಬರ್ಕ್ ಹೊರಟ. ನಾನು ಎರಡೂ ಕೈಯಿಂದ ಲಗಾಮು ಎಳೆದೆ. ಎಳೆದಷ್ಟೂ ಕತ್ತು ಮುಂದೆ ಚಾಚಿ ಇನ್ನೂ ಜೋರಾಗಿ ಹೋದ. ಎರಡು ಕಿ.ಮೀ. ಆದ ಮೇಲೆ, ನಾನು ಅಳುತ್ತಾ ಕೈ ಸಡಿಲ ಬಿಟ್ಟಾಗ, ನಿಂತ.

ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಹಿರಿಯ ಸಯೀಸ ರಾಜಸ್ಥಾನದವರು. ಎಲ್ಲರೂ ಚಾಚಾ ಅನ್ನುತ್ತಾರೆ. ನನ್ನ ಕಥೆ ಕೇಳಿ ಅವರು ನಗಲಿಲ್ಲ. "ಬೇಟಾ, ಇವನಿಗೆ ಚಿಕ್ಕಂದಿನಿಂದ ಲಗಾಮು ಬಿಗಿದೇ ಓಡಿಸಿದ್ದಾರೆ. ಬಿಗಿ ಲಗಾಮು ಅಂದರೆ ಅವನ ಲೆಕ್ಕದಲ್ಲಿ ಓಡು ಅಂತ. ನೀನು ಓಡು ಅಂದೆ, ಅವನು ಓಡಿದ. ಬೈಯುವುದು ಯಾರನ್ನು?" ಎಂದರು. ನಂತರದ ಐದು ತಿಂಗಳು ನಾನು ಮಾಡಿದ್ದೆಲ್ಲ ಈ ಮಾತಿನಿಂದ ಹುಟ್ಟಿದ್ದು.

ಮೊದಲು ಮೈ ನೋಡಿ ಎಂದು ಹೇಳಿದ್ದೂ ಅವರೇ. ಜೀನಿನ ಪಟ್ಟಿ ಬಿಗಿಯುವಾಗ ಬರ್ಕ್ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತಿದ್ದ. ನಾನದನ್ನು ಸೊಕ್ಕು ಅಂದುಕೊಂಡಿದ್ದೆ. ವೈದ್ಯರು ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡಿದರೆ ಹುಣ್ಣು. ಕುದುರೆಯ ಹೊಟ್ಟೆ ತಿನ್ನಲಿ ಬಿಡಲಿ ಇಪ್ಪತ್ನಾಲ್ಕು ಗಂಟೆ ಆಮ್ಲ ಸುರಿಸುತ್ತಲೇ ಇರುತ್ತದೆ. ಅದನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಹೊಟ್ಟೆಯ ಮೇಲುಭಾಗಕ್ಕೆ ಆಮ್ಲ ತಡೆಯುವ ಲೋಳೆಯ ಪದರವೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆಮ್ಲ ಅಲ್ಲಿಗೇ ಎರಚುತ್ತದೆ. ಓಟದ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಹೊಟ್ಟೆ ಉರಿಯುವಾಗ ಬೆನ್ನ ಮೇಲೆ ಒಬ್ಬಳು ಕೂತು "ರಿಲ್ಯಾಕ್ಸ್" ಅಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ನಾವು ಗ್ಯಾಸ್ಟ್ರಿಕ್‌ಗೆ ನುಂಗುವ ಒಮೆಪ್ರಜೋಲೇ ಅವನಿಗೂ, ಪೇಸ್ಟ್ ರೂಪದಲ್ಲಿ, 28 ದಿನ. ದಿನಕ್ಕೆ ಐದು ಕೆ.ಜಿ. ಬಾರ್ಲಿ ಹಾಕುತ್ತಿದ್ದರು. ವೈದ್ಯರನ್ನು ಕೇಳಿ, ಎರಡು ವಾರದಲ್ಲಿ ಮೆಲ್ಲಗೆ ಒಂದು ಕೆ.ಜಿ.ಗೆ ಇಳಿಸಿದೆವು. ಬದಲಿಗೆ ಎಂಟು ಕೆ.ಜಿ. ಒಣಹುಲ್ಲು. ಅವನ ತೂಕ ಸುಮಾರು 400 ಕೆ.ಜಿ., ಅದರ ನೂರಕ್ಕೆ ಎರಡು ಭಾಗದ ಲೆಕ್ಕ. ಸವಾರಿಗೆ ಮೊದಲು ಒಂದೆರಡು ಹಿಡಿ ಲೂಸರ್ನ್, ನಮ್ಮ ಕಡೆ ಕುದುರೆ ಮಸಾಲೆ ಸೊಪ್ಪು ಅನ್ನುತ್ತಾರಲ್ಲ, ಅದು. ಅದರಲ್ಲಿರುವ ಕ್ಯಾಲ್ಸಿಯಂ ಆಮ್ಲವನ್ನು ಸ್ವಲ್ಪ ತಣಿಸುತ್ತದೆ.

ಜೀನೂ ತಪ್ಪಿತ್ತು. ಅರಬ್ ಕುದುರೆಗಳ ಬೆನ್ನು ಗಿಡ್ಡ, ಅಗಲ. ನನ್ನ ಹಳೆಯ ಜೀನು ಮುಂದೆ ಇಕ್ಕಟ್ಟು, ಹಿಂದೆ ಕೊನೆಯ ಪಕ್ಕೆಲುಬನ್ನೂ ದಾಟುತ್ತಿತ್ತು. ಹೊಸದಕ್ಕೆ ಕೊಟ್ಟ ದುಡ್ಡು ಕುದುರೆಯ ಬೆಲೆಗಿಂತ ಜಾಸ್ತಿ. ಮನೆಯಲ್ಲಿ ಇನ್ನೂ ಸರಿಯಾದ ಮೊತ್ತ ಹೇಳಿಲ್ಲ.

ಆಮೇಲೆ ಪಾಠ ಶುರು. ಸವಾರಿ ಇಲ್ಲ. ನೆಲದ ಮೇಲೆ ನಿಂತು ಹಗ್ಗವನ್ನು ಮೆಲ್ಲಗೆ, ಎರಡು ಬೆರಳಿನಷ್ಟೇ ಬಲದಲ್ಲಿ, ಕೆಳಕ್ಕೆ ಹಿಡಿಯುವುದು. ಅವನು ತಲೆ ಅರ್ಧ ಇಂಚು ತಗ್ಗಿಸಿದರೂ ಆ ಕ್ಷಣವೇ ಬಿಟ್ಟುಬಿಡುವುದು. ಎಳೆಯುವಂತಿಲ್ಲ, ಹಿಡಿದು ಕಾಯಬೇಕು. ಕುದುರೆ ಕಲಿಯುವುದು ನಾವು ಹಿಡಿದಾಗ ಅಲ್ಲ, ಬಿಟ್ಟಾಗ. ಅರ್ಧ ಸೆಕೆಂಡು ತಡವಾದರೂ ಬೇರೇನನ್ನೋ ಕಲಿತಿರುತ್ತದೆ. ಮೊದಲ ದಿನ ಹತ್ತು ನಿಮಿಷದಲ್ಲಿ ಮೂರು ಸಲ ತಗ್ಗಿಸಿದ. ಐದನೇ ದಿನ ಮೂಗು ಮೊಣಕಾಲಿಗೆ ಬಂತು. ಹತ್ತನೇ ದಿನ ನಾನು ಹಗ್ಗ ಮುಟ್ಟಿದರೆ ಸಾಕು, ತಲೆ ಮರಳಿಗೆ ಇಳಿಯುತ್ತಿತ್ತು. ಮೂಗಿನಿಂದ ಫುರ್ರ್ ಎಂದು ದೊಡ್ಡ ಉಸಿರು ಬಿಟ್ಟ. ಚಾಚಾ ದೂರದಿಂದಲೇ ಕೈ ಎತ್ತಿದರು. ಅರಬ್ ಕುದುರೆಗಳ ಗುಣವೇ ಅದು: ಒಳ್ಳೆಯದನ್ನು ಬೇಗ ಕಲಿಯುತ್ತವೆ, ಕೆಟ್ಟದ್ದನ್ನು ಅದಕ್ಕಿಂತ ಬೇಗ.

ಮುಂದಿನದು ಹತ್ತುವ ಜಾಗ. ಹತ್ತಲು ಇಟ್ಟ ಮರದ ಮೆಟ್ಟಿಲ ಪಕ್ಕ ನಿಲ್ಲಿಸುವುದು, ನಾನು ಮೆಟ್ಟಿಲೇರಿ ಸುಮ್ನೆ ನಿಲ್ಲುವುದು, ಇಳಿಯುವುದು. ಅವನು ಮುಂದೆ ಹೋದರೆ ಬೈಯದೆ ಮತ್ತೆ ತಂದು ನಿಲ್ಲಿಸುವುದು. ನಂತರ ಜೀನಿನ ಮೇಲೆ ಒರಗುವುದು. ನಂತರ ಕೂತು, ಬೀಜ ತೆಗೆದ ಒಂದು ಖರ್ಜೂರ ಬಗ್ಗಿ ಕೊಟ್ಟು, ಇಳಿದುಬಿಡುವುದು. ಖರ್ಜೂರ ತಿನ್ನಲು ಅವನು ಕತ್ತನ್ನು ಪಕ್ಕಕ್ಕೆ ತಿರುಗಿಸಲೇಬೇಕು, ಆಗ ಓಡಲು ಮರೆಯುತ್ತಾನೆ. ಒಂಬತ್ತು ದಿನ ಇಷ್ಟೇ ಮಾಡಿದೆ. ಪಕ್ಕದ ಲಾಯದವರು ನನ್ನನ್ನು ನೋಡಿ ಏನಂದುಕೊಂಡರೋ. ಹತ್ತುವುದು, ಖರ್ಜೂರ, ಇಳಿಯುವುದು!

ನಡಿಗೆಯೇ ಎಲ್ಲಕ್ಕಿಂತ ಕಷ್ಟ. ಓಡಿಸುವುದು ಸುಲಭ, ಅವನಿಗೂ ನನಗೂ. ಸಡಿಲ ಲಗಾಮಿನಲ್ಲಿ ಅರೀನಾದಲ್ಲಿ ನಡೆಯಬೇಕು, ಅವನು ಆತುರಪಟ್ಟ ತಕ್ಷಣ ಇಪ್ಪತ್ತು ಮೀಟರಿನ ಸುತ್ತಿಗೆ ತಿರುಗಿಸಬೇಕು. ಎರಡೂ ಲಗಾಮು ಎಳೆಯುವಂತಿಲ್ಲ. ಸುತ್ತಿನ ಒಳಬದಿಯ ಲಗಾಮನ್ನು ಮಾತ್ರ ಸ್ವಲ್ಪ ಪಕ್ಕಕ್ಕೆ ತೆರೆದು ಹಿಡಿಯುವುದು. ಇನ್ನೂ ಆತುರ ಇದ್ದರೆ ಸುತ್ತು ಹದಿನೈದು ಮೀಟರು, ಹತ್ತು ಮೀಟರು. ಚಿಕ್ಕ ಸುತ್ತಿನಲ್ಲಿ ಹಿಂಗಾಲು ಹೊಟ್ಟೆಯ ಕೆಳಗೆ ದಾಟಿ ಇಡಬೇಕಾಗುತ್ತದೆ, ಓಡುವುದು ತಾನಾಗಿ ಕಷ್ಟವಾಗುತ್ತದೆ. ನಿಧಾನ ಮಾಡಿದ ತಕ್ಷಣ ಲಗಾಮು ಪೂರ್ತಿ ಸಡಿಲ. ಒಂದೇ ಸುತ್ತು ಹಾಕಿದರೆ ಬೇಜಾರಾಗಿ ತಾನೇ ಏನಾದರೂ ಹೆದರಿಕೆ ಹುಡುಕಿಕೊಳ್ಳುತ್ತಾನೆ. ಹಾಗಾಗಿ ಎಂಟರ ಆಕಾರ, ಹಾವಿನ ಹಾಗೆ ಅಂಕುಡೊಂಕು, ಮುಕ್ಕಾಲು ಮೀಟರಿಗೊಂದರಂತೆ ನೆಲಕ್ಕೆ ಹಾಕಿದ ನಾಲ್ಕು ಕೋಲು. ಕೋಲು ದಾಟುವಾಗ ಕಾಲ ಕಡೆ ನೋಡಲೇಬೇಕು, ತಲೆ ಇಳಿಯುತ್ತದೆ, ಬೆನ್ನು ಮೇಲೇಳುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ಸಿಕ್ಕಿಕೊಂಡೆವು. ಅರೀನಾದ ಮೂಲೆಯೊಂದರಲ್ಲಿ ಯಾವಾಗಲೂ ಬಿಗಿಯುತ್ತಿದ್ದ. ಅಲ್ಲಿ ಏನೂ ಇರಲಿಲ್ಲ. ಚಾಚಾ ಮೂರು ದಿನ ನೋಡಿ ಹೇಳಿದರು: "ಆ ಮೂಲೆ ಬಂದಾಗ ನೀನು ಉಸಿರು ಬಿಡಲ್ಲ." ಹೌದು. ಮೊದಲ ದಿನ ಬೀಳುವಂತಾಗಿದ್ದು ಅಲ್ಲೇ. ಕುದುರೆಯ ಚರ್ಮಕ್ಕೆ ಒಂದು ನೊಣ ಕೂತರೂ ಗೊತ್ತಾಗುತ್ತದೆ, ನನ್ನ ಮಂಡಿ ಬಿಗಿದದ್ದು ಗೊತ್ತಾಗಲ್ವಾ? ಕುದುರೆ ಕಂಡರೆ ಕಾಲು ನೋವು ಅಂತ ಗಾದೆ. ನನಗೆ ಕುದುರೆ ಸಿಕ್ಕ ಮೇಲೆ ನಿಜವಾಗಿಯೇ ಎರಡೂ ತೊಡೆ ನೋಯುತ್ತಿದ್ದವು, ಅಷ್ಟು ಬಿಗಿ ಹಿಡಿಯುತ್ತಿದ್ದೆ.

ಹಾಡಿ ನೋಡಿದೆ. ಹಾಡುವಾಗ ನನಗೆ ಸಾಲು ಮರೆಯುತ್ತದೆ. ಕೊನೆಗೆ ಕೈ ಹಿಡಿದದ್ದು ಮಗ್ಗಿ. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಶಾಲೆಯಲ್ಲಿ ಹೇಳುತ್ತಿದ್ದ ಅದೇ ರಾಗ. ಗಟ್ಟಿಯಾಗಿ ಹೇಳಬೇಕೆಂದರೆ ಉಸಿರು ಆಡಲೇಬೇಕು, ಮತ್ತು ಅದರ ತಾಳ ಕುದುರೆಯ ನಡಿಗೆಗೆ ಸರಿಯಾಗಿ ಕೂರುತ್ತದೆ. ಹದಿಮೂರೇಳ್ಲಿ ತೊಂಬತ್ತೊಂದರ ಹತ್ತಿರ ನಾನು ಎಡವಿದರೆ ಬರ್ಕ್ ಕಿವಿ ಹಿಂದಕ್ಕೆ ತಿರುಗಿಸುತ್ತಾನೆ. ಎರಡು ವಾರದಲ್ಲಿ ಆ ಮೂಲೆ ಬರೀ ಮೂಲೆಯಾಯಿತು.

ಒಂದು ಸಂಜೆ ಅವನ ಮೈ ತಿಕ್ಕುತ್ತಾ ಊರಿನ ನೆನಪಾಯಿತು. ವಿಜಯನಗರದ ಕಾಲದಲ್ಲಿ ಇವನ ಪೂರ್ವಜರು ಕೊಲ್ಲಿಯಿಂದ ಹಡಗಿನಲ್ಲಿ ಬಂದು ಇಳಿಯುತ್ತಿದ್ದದ್ದು ನಮ್ಮ ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ. ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ, ಬಾಲ ತಂದು ತೋರಿಸಿದರೆ ದುಡ್ಡು ಕೊಡುತ್ತಿದ್ದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಕುದುರೆಗಳು ಈ ಕಡೆಯಿಂದ ಆ ಕಡೆ ಹೋದವು, ಐನೂರು ವರ್ಷದ ಮೇಲೆ ಲೆಕ್ಕ ಬರೆಯುವವಳು ಆ ಕಡೆಯಿಂದ ಈ ಕಡೆ ಬಂದೆ.

ಟ್ರಾಟ್, ಅಂದರೆ ನಡಿಗೆಗಿಂತ ಜೋರಿನ ಕುಕ್ಕುಲೋಟ, ಶುರು ಮಾಡಿದ್ದು ಜನವರಿಯಲ್ಲಿ. ಆರೇ ಹೆಜ್ಜೆ, ಮತ್ತೆ ನಡಿಗೆ. ಅವನಿಗೆ ಆತುರ ಹುಟ್ಟುವ ಮೊದಲೇ ನಿಲ್ಲಿಸುವುದು, ಅಷ್ಟೇ ಗುಟ್ಟು. ಆರು ಹತ್ತಾಯಿತು, ಹತ್ತು ಒಂದು ಸುತ್ತಾಯಿತು. ಜೀನು ತಂದಾಗಿನ ಎದೆಬಡಿತ ಆಗ 44. ಪುಸ್ತಕದಲ್ಲಿ ದಿನಾ ಬರೆದಿಟ್ಟಿದ್ದೇನೆ, ಅಕೌಂಟ್ಸ್‌ನವಳು ಅಲ್ವಾ.

ಫೆಬ್ರವರಿಯಲ್ಲಿ ದೊಡ್ಡ ಪೆಟ್ಟು ಬಿತ್ತು. ಹೊರಗಿನ ದಾರಿಯಲ್ಲಿ ನಡೆಯುತ್ತಿದ್ದಾಗ ಯಾವುದೋ ಲಾಯದ ತರಬೇತಿ ಜೀಪು ಪಕ್ಕದಲ್ಲಿ ಬಂತು. ಐದು ತಿಂಗಳ ಪಾಠ ಅಲ್ಲೇ ಆವಿಯಾಯಿತು. ಬರ್ಕ್ ಮತ್ತೆ ಸ್ಪರ್ಧೆಯಲ್ಲಿದ್ದ. ಈ ಸಲ ಎರಡೂ ಲಗಾಮು ಎಳೆಯಲಿಲ್ಲ. ಒಂದು ಕಡೆ ತಿರುಗಿಸಿದೆ, ಸುತ್ತು ಚಿಕ್ಕದು ಮಾಡಿದೆ, ಮಗ್ಗಿಯನ್ನು ಕಿರುಚಿದೆ. ಏಳನೇ ಸುತ್ತಿಗೆ ನಿಂತ. ಇಳಿದು, ನಡುಗುವ ಕಾಲಿನಲ್ಲಿ ಅವನ ಜೊತೆ ಲಾಯದವರೆಗೆ ನಡೆದೆ.

ಮರುದಿನದಿಂದ ಗೆಳತಿಯ ಕಾರು ಬಾಡಿಗೆಗೆ. ಬಾಡಿಗೆ ಅಂದರೆ ಪ್ರತಿ ಶನಿವಾರ ನೀರುದೋಸೆ. ನೂರು ಮೀಟರು ದೂರದಲ್ಲಿ ಅವಳು ನಮ್ಮ ನಡಿಗೆಯ ವೇಗದಲ್ಲಿ ಓಡಿಸುತ್ತಿದ್ದಳು. ಬರ್ಕ್ ಕಾರನ್ನು ನೋಡಿ, ಮತ್ತೆ ತಲೆ ಇಳಿಸಿದರೆ ಕಾರು ನಿಲ್ಲುತ್ತದೆ, ಖರ್ಜೂರ ಬರುತ್ತದೆ. ಮೂರು ವಾರದಲ್ಲಿ ನೂರು ಮೀಟರು ಹತ್ತಕ್ಕೆ ಬಂತು. ಈಗ ಅವನು ಕಿಟಕಿಯೊಳಗೆ ಮೂಗು ತೂರಿಸುತ್ತಾನೆ. ಅದು ಬೇರೆ ಸಮಸ್ಯೆ.

ಮಾರ್ಚ್ ಕೊನೆಗೆ, ಬಿಸಿಲು ಏರುವ ಮೊದಲು, ಒಂದು ಗಾಫ್ ಮರದ ಕೆಳಗೆ ನಿಂತು ಚಾಚಾ ಜೊತೆ ಮಾತಾಡುತ್ತಿದ್ದೆ. ನಾನು ಜೀನಿನ ಮೇಲೆ, ಲಗಾಮು ಅವನ ಕತ್ತಿನ ಮೇಲೆ ಬಿದ್ದಿತ್ತು. ಊರಿನ ಮಳೆ, ಅವರ ಮಗಳ ಮದುವೆ, ಹೀಗೇ ಏನೋ. ಜೀನು ಒಂದು ಕಡೆಗೆ ವಾಲಿದ ಹಾಗಾಯಿತು. ತಿರುಗಿ ನೋಡಿದರೆ ಬರ್ಕ್ ಒಂದು ಹಿಂಗಾಲು ಸಡಿಲ ಬಿಟ್ಟು, ಗೊರಸಿನ ತುದಿ ಮಾತ್ರ ಮರಳಿಗೆ ತಾಗಿಸಿ, ಕೆಳದುಟಿ ಜೋತುಬಿಟ್ಟು ನಿಂತಿದ್ದಾನೆ.

"ಇಳಿ ಬೇಟಾ," ಎಂದರು ಚಾಚಾ, ದನಿ ತಗ್ಗಿಸಿ. "ಮಲಗಿದ್ದಾನೆ."

ಟ್ರಾಟ್‌ಗಿಂತ ಜೋರಿನ ಓಟ, ಕ್ಯಾಂಟರ್, ಇನ್ನೂ ಶುರು ಮಾಡಿಲ್ಲ. ಲಾಯ ಕಾಣುವ ಕೊನೆಯ ಅರ್ಧ ಕಿ.ಮೀ. ಅವನಿಗೆ ಇವತ್ತಿಗೂ ಆತುರವೇ. ಅಲ್ಲಿ ನಾನು ಇಳಿದು ನಡೆಯುತ್ತೇನೆ.