ಮಳೆಗಾಲದ ಭೇದಿ ಮತ್ತು ಕೊನೆಯ ಇಂಜೆಕ್ಷನ್ನಿನ ತಾರೀಖು

ವಿರಾಜಪೇಟೆಯಲ್ಲಿ ಸಾಮಾನ್ಯ ವೈದ್ಯನಾಗಿರುವ ನನಗೆ ಜುಲೈ ತಿಂಗಳ ಭೇದಿ ಹೊಸದಲ್ಲ. ಆದ್ದರಿಂದ ನಾಪೋಕ್ಲು ಕಡೆಯ ಕಾಫಿ ತೋಟದಿಂದ ಬಂದ ಹಿರಿಯರೊಬ್ಬರು ದಿನಕ್ಕೆ ಏಳೆಂಟು ಬಾರಿ ಹೋಗುತ್ತಿದೆ ಎಂದಾಗ ಓಆರ್‌ಎಸ್ ಬರೆದು ಕಳುಹಿಸುವುದರಲ್ಲಿದ್ದೆ. ಅಷ್ಟರಲ್ಲಿ ಅವರ ಮಗಳು, "ಡಾಕ್ಟ್ರೇ, ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರಿಗೆ ಇಂಜೆಕ್ಷನ್ ಕೊಡಿಸಿದ್ದೆವು, ನಿಲ್ಲಿಸಿ ಎರಡು ತಿಂಗಳಾಯಿತು, ಅದನ್ನೂ ಹೇಳಬೇಕಾ?" ಎಂದರು. ಹಳೆಯ ಚೀಟಿಯಲ್ಲಿ ನಿವೊಲುಮ್ಯಾಬ್ ಎಂದಿತ್ತು.

ಈ ಔಷಧ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ದೇಹದ ರಕ್ಷಣಾ ಕೋಶವಾದ ಟಿ-ಕೋಶವು ಗಡ್ಡೆಯನ್ನು ಗುರುತಿಸಿ ಇಂಟರ್‌ಫೆರಾನ್-ಗಾಮಾ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸಿದಾಗ, ಕ್ಯಾನ್ಸರ್ ಕೋಶದ ಜ್ಯಾಕ್ ಕಿಣ್ವಗಳು ಸ್ಟ್ಯಾಟ್-1 ಪ್ರೋಟೀನಿಗೆ ಫಾಸ್ಫೇಟ್ ಸೇರಿಸುತ್ತವೆ, ಆ ಸಂಕೇತ ಕೋಶಕೇಂದ್ರವನ್ನು ತಲುಪಿದ ಫಲವಾಗಿ ಹೊರಮೈಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನು ಹೆಚ್ಚುತ್ತದೆ. ದಾಳಿಯ ಸುದ್ದಿಯೇ ಗುರಾಣಿಯನ್ನು ಎತ್ತಿಸುತ್ತದೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಪಿಡಿ-ಎಲ್1 ಬಂದು ಟಿ-ಕೋಶದ ಮೇಲಿರುವ ಪಿಡಿ-1 ಎಂಬ ಗ್ರಾಹಕಕ್ಕೆ ಕೂಡಿದೊಡನೆ, ಒಳಗೆ ಎಸ್‌ಎಚ್‌ಪಿ-2 ಕಿಣ್ವವು ಸಕ್ರಿಯ ಪ್ರೋಟೀನುಗಳ ಫಾಸ್ಫೇಟನ್ನು ತೆಗೆದುಹಾಕಿ ದಾಳಿಯ ಸಂಕೇತವನ್ನು ಕುಗ್ಗಿಸುತ್ತದೆ. ನಿವೊಲುಮ್ಯಾಬ್ ಪಿಡಿ-1ನ್ನು ಹಿಡಿದುಕೊಂಡು ಈ ಕೂಡಿಕೆಯನ್ನು ತಡೆಯುತ್ತದೆ, ಆಗ ಟಿ-ಕೋಶದ ದಾಳಿ ಮುಂದುವರಿಯುತ್ತದೆ. 1992ರಲ್ಲಿ ಜಪಾನಿನ ವಿಜ್ಞಾನಿ ತಾಸುಕು ಹೊಂಜೊ ಅವರ ತಂಡ ಪತ್ತೆಹಚ್ಚಿದ ಪಿಡಿ-1 ಇದೇ. ಅವರಿಗೂ ಅಮೆರಿಕದ ವಿಜ್ಞಾನಿ ಜೇಮ್ಸ್ ಆಲಿಸನ್ ಅವರಿಗೂ 2018ರ ನೊಬೆಲ್ ಸಂದಿತು. ಜ್ಯಾಕ್ ಜೀನುಗಳೇ ಕೆಟ್ಟ ಗಡ್ಡೆಗಳಲ್ಲಿ ಈ ಔಷಧ ಸೋಲುವುದೂ ಉಂಟು.

ನನ್ನ ಮೇಜಿನ ಮುಂದಿನ ಪ್ರಶ್ನೆ ಬೇರೆ. ಪಿಡಿ-1 ಗಡ್ಡೆಗೆ ಮೀಸಲಾದುದಲ್ಲ. ಕರುಳಿನ ಟಿ-ಕೋಶಗಳನ್ನು ಸಂಯಮದಲ್ಲಿಡುವುದೂ ಅದೇ. ಔಷಧ ಆ ತಡೆಯನ್ನು ತೆಗೆದರೆ ಅವು ಕರುಳಿನ ಮೇಲೆಯೇ ದಾಳಿ ಮಾಡಬಹುದು. ಔಷಧದ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 25 ದಿನ, ಆದರೆ ಟಿ-ಕೋಶದ ಪಿಡಿ-1ನ್ನು ಅದು ಎರಡು ತಿಂಗಳಿಗೂ ಮೀರಿ ಹಿಡಿದಿರಬಲ್ಲದು. ಹಾಗಿರುವಾಗ, ಇಂಜೆಕ್ಷನ್ ನಿಂತಿದೆ ಎಂಬ ಮಾತಿನಿಂದ ಸಮಾಧಾನಗೊಳ್ಳುವಂತಿರಲಿಲ್ಲ.

ಸೋಂಕು ಇದೆಯೇ ಎಂದು ತಿಳಿಯಲು ಮಲಪರೀಕ್ಷೆ ಬರೆದೆ, ಭೇದಿ ನಿಲ್ಲಿಸುವ ಮಾತ್ರೆ ಕೊಡಲಿಲ್ಲ, ಚಿಕಿತ್ಸೆ ನೀಡಿದ್ದ ಕ್ಯಾನ್ಸರ್ ತಜ್ಞರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಅಂದೇ ದಾಖಲಿಸಿಕೊಂಡು, ಕರುಳಿನ ಉರಿಯೂತವೆಂದು ಖಚಿತಪಡಿಸಿಕೊಂಡು, ಸ್ಟಿರಾಯ್ಡ್ ಆರಂಭಿಸಿ ವಾರಗಟ್ಟಲೆ ನಿಧಾನವಾಗಿ ಇಳಿಸಿದರು. ಹಿರಿಯರು ಚೇತರಿಸಿಕೊಂಡರು. ಥೈರಾಯ್ಡ್ ಕೂಡ ಇದೇ ದಾಳಿಗೆ ಸಿಲುಕಬಹುದಾದ್ದರಿಂದ ಥೈರಾಯ್ಡಿನ ಕೆಲಸವನ್ನು ತೋರಿಸುವ ರಕ್ತಪರೀಕ್ಷೆಯಾದ ಅವರ ಟಿಎಸ್‌ಎಚ್ ಅನ್ನು ಈಗಲೂ ನೋಡುತ್ತಿದ್ದೇನೆ. ಹೊಸ ರೋಗಿಯ ಹಾಳೆಯಲ್ಲಿ, ಕ್ಯಾನ್ಸರಿಗೆಂದು ಹಿಂದೆ ಯಾವ ಇಂಜೆಕ್ಷನ್ ಪಡೆದಿದ್ದಾರೆ, ಕೊನೆಯದು ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ಅಚ್ಚು ಹಾಕಿಸಿದ್ದೇನೆ. ನಾನು ಕೇಳದಿದ್ದರೂ ಮಗಳು ಹೇಳುತ್ತಾಳೆ ಎಂದು ನಂಬಿಕೊಂಡಿರಲು ನನಗೆ ಮನಸ್ಸಾಗಲಿಲ್ಲ.