ಬರ್ಬನ್ ಪೀಪಾಯಿಯ ಸ್ಟೌಟ್: ಕೊಳ್ಳುವುದೋ, ಮನೆಯಲ್ಲೇ ಮಾಡುವುದೋ?

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಶಿಕಾಗೋದ ಕೆಲವು ಅಂಗಡಿಗಳ ಮುಂದೆ ಬೆಳಗಿನ ಚಳಿಯಲ್ಲೇ ಜನ ಸಾಲು ನಿಲ್ಲುತ್ತಾರೆ. ಟಿವಿಗಲ್ಲ, ಬಿಯರಿಗೆ. ಗೂಸ್ ಐಲ್ಯಾಂಡ್ ಕಂಪನಿ ಬರ್ಬನ್ ವಿಸ್ಕಿಯ ಹಳೇ ಪೀಪಾಯಿಯಲ್ಲಿ ಹದಗೊಳಿಸುವ ಕಪ್ಪು ಬಿಯರ್, ಬರ್ಬನ್ ಕೌಂಟಿ ಸ್ಟೌಟ್, ಬಿಡುಗಡೆಯಾಗುವ ದಿನ ಅದು. ಅಂಗಡಿ ಮತ್ತು ವರ್ಷ ನೋಡಿಕೊಂಡು ಅರ್ಧ ಲೀಟರಿನ ಬಾಟಲಿಗೆ ಹತ್ತು, ಹದಿನೈದು ಡಾಲರ್ ಆಗುತ್ತದೆ. ಕಾಫಿ, ವೆನಿಲಾ, ತೆಂಗಿನಕಾಯಿ ಹಾಕಿದ ಬಗೆಗಳಿಗೆ ಹತ್ತಿರ ಹತ್ತಿರ ಅದರ ದುಪ್ಪಟ್ಟು. ಒಂದು ಬಾಟಲಿ ಬಿಯರಿಗೆ ಇಷ್ಟು ಕೊಡಬೇಕಾ? ಮನೆಯಲ್ಲೇ ಮಾಡಿಕೊಂಡರೆ ಆಗಲ್ವಾ?

ಆಗುತ್ತದೆ. ಆದರೆ ಮೊದಲು ಒಂದು ಒಳ್ಳೆಯ ಬಾಟಲಿ ದುಡ್ಡು ಕೊಟ್ಟು ಕುಡಿದು ನೋಡಿ. ಎಂಥ ರುಚಿ ಬರಬೇಕು ಅಂತಲೇ ಗೊತ್ತಿಲ್ಲದೆ ಆರು ತಿಂಗಳು ಕಾಯುವುದು ಸುಮ್ನೆ ದಂಡ.

ಕಾನೂನು ಏನು ಹೇಳುತ್ತದೆ

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಲು ಅಡ್ಡಿಯಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಇದಕ್ಕೆ ದಾರಿ ಮಾಡಿತು. ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು ಮಾತ್ರ 2013ರಲ್ಲಿ. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಜನ ಇದ್ದರೆ 200 ಗ್ಯಾಲನ್ ಮಾಡಬಹುದು. ಮಾರುವ ಹಾಗಿಲ್ಲ. ಭಟ್ಟಿ ಇಳಿಸುವುದು ಬೇರೆಯೇ ವಿಷಯ, ಅದು ಮನೆ ಬಳಕೆಗಾದರೂ ಫೆಡರಲ್ ಅಪರಾಧ.

ಊರಲ್ಲಿರುವವರು ಇದನ್ನು ಓದಿ ಖುಷಿಪಡಬಹುದು ಅಷ್ಟೇ. ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ. ಹಾಗಾಗಿ ಮುಂದಿನ ಲೆಕ್ಕಾಚಾರ, ಬೆಲೆ ಎಲ್ಲವೂ ಅಮೆರಿಕದಲ್ಲಿ ನೆಲೆಸಿರುವ, 21 ದಾಟಿದ ಓದುಗರಿಗೆ.

ಪೀಪಾಯಿಯಲ್ಲಿ ಅಂಥದ್ದೇನಿದೆ

ಬರ್ಬನ್ ವಿಸ್ಕಿಯನ್ನು ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಅಂತ ಅಮೆರಿಕದ ಕಾನೂನಿದೆ. ಹೊಸದೇ ಆಗಬೇಕು ಅಂದಮೇಲೆ ಅದೇ ಪೀಪಾಯಿಗೆ ಎರಡನೇ ಸಲ ಬರ್ಬನ್ ತುಂಬುವ ಹಾಗಿಲ್ಲ. ಆದ್ದರಿಂದ ಕೆಂಟಕಿಯಿಂದ ಖಾಲಿ ಪೀಪಾಯಿಗಳು ಲೋಡುಗಟ್ಟಲೆ ಹೊರಗೆ ಹೋಗುತ್ತವೆ. ಸ್ಕಾಟ್ಲೆಂಡಿನ ವಿಸ್ಕಿ ಕಂಪನಿಗಳು ಕೊಳ್ಳುತ್ತವೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಹದಗೊಳ್ಳುವುದಕ್ಕೂ ಇಂಥ ಪೀಪಾಯಿಗಳನ್ನು ಬಳಸುತ್ತಾರೆ.

1990ರ ದಶಕದಲ್ಲಿ ಗೂಸ್ ಐಲ್ಯಾಂಡಿನ ಗ್ರೆಗ್ ಹಾಲ್ ಅವರಿಗೆ ಜಿಮ್ ಬೀಮ್ ಮನೆತನದ ಬೂಕರ್ ನೋ ಅವರ ಪರಿಚಯವಾಯಿತು. ಅವರಿಂದ ಪೀಪಾಯಿ ತರಿಸಿ, ದಪ್ಪನೆಯ ಕಪ್ಪು ಸ್ಟೌಟ್ ತುಂಬಿಸಿದರು. ಆಗ ಅದು ವಿಚಿತ್ರ ಅನ್ನಿಸಿತ್ತು. ಈಗ ಮಿಷಿಗನ್ನಿನ ಫೌಂಡರ್ಸ್ (ಅವರ ಬಿಯರಿನ ಹೆಸರು ಕೆಬಿಎಸ್) ಸೇರಿ ಎಷ್ಟೋ ಕಂಪನಿಗಳು ಇದೇ ದಾರಿ ಹಿಡಿದಿವೆ.

ಬಿಯರಿಗೆ ಬರುವುದು ಬರೀ ವಿಸ್ಕಿಯ ರುಚಿಯಲ್ಲ. ಓಕ್ ಮರದ ಲಿಗ್ನಿನ್ ಅಂಶ ಬಿಸಿಗೆ ಒಡೆದು ವೆನಿಲಾದ ಪರಿಮಳ ಕೊಡುತ್ತದೆ. ಲ್ಯಾಕ್ಟೋನ್‌ಗಳಿಂದ ತೆಂಗಿನಕಾಯಿಯ ಘಮ. ಮರದೊಳಗಿನ ಸಕ್ಕರೆ ಅಂಶ ಕಂದಿ ಕ್ಯಾರಮೆಲ್ ಆಗಿರುತ್ತದೆ. ಇದಕ್ಕೆ ಸ್ಟೌಟಿನ ಕಾಫಿ, ಚಾಕೊಲೇಟ್ ರುಚಿ ಸೇರಿದರೆ ಸೊಗಸು.

ಬೆಲೆಯನ್ನು ಬಿಡಿಸಿ ನೋಡೋಣ

ಒಂದು ಪೀಪಾಯಿಗೆ ಹಿಡಿಸುವುದು 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಅರ್ಧ ಲೀಟರಿನ 400 ಬಾಟಲಿ. ಹಳೇ ಪೀಪಾಯಿಗೆ 200 ಡಾಲರ್ ಅಂತಲೇ ಹಿಡಿಯಿರಿ, ಬಾಟಲಿಗೆ ಬಿದ್ದದ್ದು ಅರ್ಧ ಡಾಲರ್. ಸಣ್ಣ ಬ್ರೂವರಿಗಳಿಗೆ ಫೆಡರಲ್ ತೆರಿಗೆ ಮೊದಲ 60,000 ಬ್ಯಾರಲ್‌ವರೆಗೆ ಬ್ಯಾರಲಿಗೆ ಮೂರೂವರೆ ಡಾಲರ್. ಈ ಬ್ಯಾರಲ್ ಅಂದರೆ 31 ಗ್ಯಾಲನ್ ಬಿಯರ್. ಬಾಟಲಿ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಜಾಸ್ತಿ ಬೇಕು ನಿಜ. ಅಷ್ಟಾದರೂ ಹದಿನೈದು ಡಾಲರಿಗೆ ಲೆಕ್ಕ ಕೂಡುವುದಿಲ್ಲ.

ಉಳಿದದ್ದು ಎಲ್ಲಿಗೆ ಹೋಯಿತು? ತಿಂಗಳುಗಟ್ಟಲೆ ಗೋದಾಮಿನ ಜಾಗ, ಆವಿಯಾಗಿ ಹೋದ ಬಿಯರ್, ಕೆಟ್ಟು ಚೆಲ್ಲಿದ ಪೀಪಾಯಿ, ವಿತರಕರ ಮತ್ತು ಅಂಗಡಿಯವರ ಲಾಭ. ಇವೆಲ್ಲಕ್ಕಿಂತ ಮುಖ್ಯವಾದದ್ದು ಬೆರೆಸುವ ಕೆಲಸ. ಯಾವ ಎರಡು ಪೀಪಾಯಿಯ ರುಚಿಯೂ ಒಂದೇ ಇರುವುದಿಲ್ಲ. ಹತ್ತಾರು ಪೀಪಾಯಿ ರುಚಿ ನೋಡಿ ಹದವಾಗಿ ಬೆರೆಸುವುದು ಕಂಪನಿಗೆ ಸಾಧ್ಯ, ನಮಗೆ ಸಾಧ್ಯವಿಲ್ಲ. ಆ ಕೆಲಸಕ್ಕೆ ದುಡ್ಡು ಕೊಟ್ಟರೆ ನನಗೆ ಬೇಸರವಿಲ್ಲ. ಮಿಕ್ಕಿದ್ದು ಅಭಾವದ ಬೆಲೆ. ವರ್ಷಕ್ಕೊಮ್ಮೆ ಮಾತ್ರ ಸಿಗುತ್ತದೆ ಅಂದ ಕೂಡಲೇ ನಾವೇ ಜೇಬಿಗೆ ಕೈ ಹಾಕುತ್ತೇವೆ.

ಆದ್ದರಿಂದ ಮೊದಲ ಹೆಜ್ಜೆ ಇದು: ಏನೂ ಬೆರೆಸದ ಮೂಲ ಬಗೆಯ ಒಂದು ಬಾಟಲಿ ತನ್ನಿ. ನಾಲ್ಕು ಜನ ಹಂಚಿಕೊಳ್ಳಿ. ಬರ್ಬನ್ ಕೌಂಟಿಯ ಮದ್ಯಾಂಶ ಶೇಕಡ 14ರ ಆಸುಪಾಸು ಇರುತ್ತದೆ, ಅದು ಒಬ್ಬರೇ ಕೂತು ಮುಗಿಸುವ ಪದಾರ್ಥವಲ್ಲ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ವೈನ್ ಗ್ಲಾಸಿಗೆ ಸುರಿಯಿರಿ. ತೀರಾ ತಣ್ಣಗಿದ್ದರೆ ಏನೂ ಗೊತ್ತಾಗುವುದಿಲ್ಲ. ವೆನಿಲಾ ಎಷ್ಟು, ಮರದ ಒಗರು ಎಷ್ಟು, ಸಿಹಿ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಡಿ.

ಸಾಮಾನು

19 ಲೀಟರ್, ಅಂದರೆ 5 ಗ್ಯಾಲನ್ ಬಿಯರಿಗೆ ಪೇಲ್ ಮಾಲ್ಟ್ ಆರೂವರೆ ಕಿಲೋ, ಓಟ್ಸ್ ಅರ್ಧ ಕಿಲೋ, ಕ್ರಿಸ್ಟಲ್ ಮಾಲ್ಟ್ 450 ಗ್ರಾಂ, ಹುರಿದ ಬಾರ್ಲಿ 450 ಗ್ರಾಂ, ಚಾಕೊಲೇಟ್ ಮಾಲ್ಟ್ 350 ಗ್ರಾಂ ಬೇಕು. ಹೆಸರು ಚಾಕೊಲೇಟ್ ಅಂತಿದ್ದರೂ ಇದು ಕಪ್ಪಗೆ ಹುರಿದ ಬಾರ್ಲಿ ಮಾಲ್ಟೇ. ಜೊತೆಗೆ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ 900 ಗ್ರಾಂ. ಶುದ್ಧ ಧಾನ್ಯದಲ್ಲೇ ಮಾಡುತ್ತೇನೆ ಅಂತ ಹಟ ಹಿಡಿಯಬೇಡಿ. ಇಷ್ಟು ಗಟ್ಟಿ ಬಿಯರಿಗೆ ಎಕ್ಸ್‌ಟ್ರಾಕ್ಟ್ ಸೇರಿಸಿದರೆ ಅರ್ಧ ತಲೆನೋವು ಕಡಿಮೆ. ಕಹಿಗಾಗಿ ಹಾಕುವ ಹಾಪ್ಸ್ ಹೂವು (ಮ್ಯಾಗ್ನಮ್ ತಳಿ) 55 ಗ್ರಾಂ, ಯುಎಸ್-05 ಯೀಸ್ಟ್ ಮೂರು ಪ್ಯಾಕೆಟ್ ಇರಲಿ. ಅಮೆರಿಕನ್ ಓಕ್ ಮರದ ಹುರಿದ, ದಾಳದಂಥ ಘನಾಕಾರದ ತುಂಡುಗಳು (ಕ್ಯೂಬ್) 55 ಗ್ರಾಂ. ಬರ್ಬನ್ 350 ಮಿಲಿ.

ಪಾತ್ರೆಗಳ ವಿಷಯಕ್ಕೆ ಬಂದರೆ, 38 ಲೀಟರಿನ ಸ್ಟೀಲ್ ಪಾತ್ರೆ, ಅಷ್ಟೇ ದೊಡ್ಡದಾದ, ತಳದಲ್ಲಿ ಜಾಲರಿ ಇರುವ ಕೂಲರ್, ಎರಡು ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ), ಹೈಡ್ರೋಮೀಟರ್ (ರಸ ನೀರಿಗಿಂತ ಎಷ್ಟು ಸಾಂದ್ರ ಅಂತ ತೋರಿಸುವ ಸಾಧನ), ಸೈಫನ್ ನಳಿಕೆ, ಪಾತ್ರೆಗಳನ್ನು ಸ್ಯಾನಿಟೈಸ್ ಮಾಡುವ ಸ್ಟಾರ್ ಸ್ಯಾನ್ ದ್ರಾವಣ.

ಕುದಿಸುವ ದಿನ

ಮೇ ತಿಂಗಳಲ್ಲಿ ಶುರು ಮಾಡಿದರೆ ನವೆಂಬರಿಗೆ ಕುಡಿಯಲು ಸಿಗುತ್ತದೆ. ಸುಮಾರು 21 ಲೀಟರ್ ನೀರನ್ನು 76 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕೂಲರಿಗೆ ಹಾಕಿ. ಪುಡಿ ಮಾಡಿಸಿದ ಧಾನ್ಯವನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಗಂಟಾಗದಂತೆ ಕಲಕಿ. ಎಲ್ಲ ಸೇರಿದಾಗ ಶಾಖ 68 ಡಿಗ್ರಿಗೆ ಬಂದು, ಹದ ದಪ್ಪ ಗಂಜಿಯಂತಿರಬೇಕು. 68 ಯಾಕೆ? ಶಾಖ ಇನ್ನೂ ಕಡಿಮೆಯಿದ್ದರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಜಾಸ್ತಿಯಾಗಿ ಬಿಯರ್ ತೆಳುವಾಗುತ್ತದೆ. ತೆಳುವಾದ ಬಿಯರಿಗೆ ಓಕಿನ ಒಗರನ್ನು ತಡೆದುಕೊಳ್ಳುವ ಶಕ್ತಿಯಿಲ್ಲ.

ಒಂದು ಗಂಟೆ ಮುಚ್ಚಿಡಿ. ರಸ ಬಸಿದು, 76 ಡಿಗ್ರಿಯ 14 ಲೀಟರ್ ನೀರಿನಿಂದ ಧಾನ್ಯವನ್ನು ತೊಳೆಯಿರಿ. 27 ಲೀಟರ್ ಆಸುಪಾಸು ರಸ ಸಿಗುತ್ತದೆ. ತೊಂಬತ್ತು ನಿಮಿಷ ಕುದಿಸಬೇಕು. ಕುದಿಯಲು ಹತ್ತಿದ ಮೇಲೆ ಉಕ್ಕುವುದು ಗ್ಯಾರಂಟಿ, ಮನೆಯೊಳಗಿನ ಒಲೆಯ ಮೇಲೆ ಈ ಸಾಹಸ ಬೇಡ. ಗ್ಯಾಸ್ ಬರ್ನರನ್ನು ಹಿತ್ತಲಿಗೆ ಒಯ್ಯಿರಿ. ಕೊನೆಯ ಒಂದು ಗಂಟೆ ಉಳಿದಾಗ ಹಾಪ್ಸ್ ಹಾಕಿ, ಕೊನೆಯ ಕಾಲು ಗಂಟೆಯಲ್ಲಿ ಬೆಂಕಿ ಆರಿಸಿ ಎಕ್ಸ್‌ಟ್ರಾಕ್ಟ್ ಕಲಕಿ ಮತ್ತೆ ಹಚ್ಚಿ.

ಬೇಗ 18 ಡಿಗ್ರಿಗೆ ತಣಿಸಿ. ಹೈಡ್ರೋಮೀಟರ್ 1.100ರ ಹತ್ತಿರ ತೋರಿಸಬೇಕು. ಇಲ್ಲಿಂದ ಮುಂದೆ ಬಿಯರಿಗೆ ತಾಕುವ ಪ್ರತಿಯೊಂದು ವಸ್ತುವೂ ಸ್ಯಾನಿಟೈಸ್ ಆಗಿರಬೇಕು.

ಯೀಸ್ಟಿನ ಕೆಲಸ

ಇಷ್ಟು ಸಕ್ಕರೆಯಲ್ಲಿ ಯೀಸ್ಟ್ ಒದ್ದಾಡುತ್ತದೆ. ಮೂರು ಪ್ಯಾಕೆಟ್ ಹೇಳಿದ್ದು ಅದಕ್ಕೇ. ಫರ್ಮೆಂಟರನ್ನು ಚೆನ್ನಾಗಿ ಕುಲುಕಿ ಗಾಳಿ ಸೇರಿಸಿ, ಆಮೇಲೆ ಯೀಸ್ಟ್ ಹಾಕಿ. ಗಾಳಿ ಸೇರಬೇಕಾದದ್ದು ಈ ಒಂದೇ ಸಲ. ಮುಂದೆಂದೂ ಸೇರಬಾರದು. ಮೊದಲ ದಿನಗಳಲ್ಲಿ ನೊರೆ ರಭಸವಾಗಿ ಏಳುವುದರಿಂದ ಏರ್‌ಲಾಕ್ (ಗ್ಯಾಸನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ, ಮುಚ್ಚಳಕ್ಕೆ ಸಿಕ್ಕಿಸುವ ಕವಾಟ) ಬದಲು ದಪ್ಪ ನಳಿಕೆಯನ್ನು ನೀರಿನ ಬಕೆಟ್ಟಿಗೆ ಇಳಿಬಿಡಿ. ಏರ್‌ಲಾಕ್ ಕಟ್ಟಿಕೊಂಡರೆ ಮುಚ್ಚಳ ಹಾರಿ ಚಾವಣಿಗೆ ಕಪ್ಪು ಬಣ್ಣ ಬಳಿದಂತಾಗುತ್ತದೆ.

ನಾಲ್ಕೈದು ದಿನ 18ರಿಂದ 19 ಡಿಗ್ರಿ, ಆಮೇಲೆ 21ಕ್ಕೆ ಏರಲು ಬಿಡಿ. ಬೇಸ್‌ಮೆಂಟ್ ಇದ್ದವರು ಪುಣ್ಯವಂತರು. ಮೂರು ವಾರದ ಹೊತ್ತಿಗೆ ಹೈಡ್ರೋಮೀಟರಿನ ಅಂಕಿ 1.028ರ ಸುತ್ತ ನಿಲ್ಲಬೇಕು. ಆಗ ಮದ್ಯಾಂಶ ಒಂಬತ್ತೂವರೆ ಶೇಕಡ.

ಪೀಪಾಯಿಯಿಲ್ಲದೆ ಪೀಪಾಯಿಯ ರುಚಿ

ಐದು ಗ್ಯಾಲನ್ನಿನ ಮುದ್ದಾದ ಪೀಪಾಯಿಗಳೂ ಮಾರಾಟಕ್ಕಿವೆ. ಬೇಡ ಅಂತಲೇ ನನ್ನ ಸಲಹೆ. ಪೀಪಾಯಿ ಚಿಕ್ಕದಾದಷ್ಟೂ ಲೀಟರಿಗೆ ತಾಗುವ ಮರ ಜಾಸ್ತಿ. ಬಿಯರ್ ಹದಗೊಳ್ಳುವ ಮೊದಲೇ ಮರದ ರುಚಿ ಮಿತಿಮೀರುತ್ತದೆ. ಗಾಳಿಯೂ ಬೇಗ ನುಗ್ಗುತ್ತದೆ.

ಘನ ತುಂಡುಗಳಲ್ಲಿ ಲಗಾಮು ನಮ್ಮ ಕೈಯಲ್ಲಿರುತ್ತದೆ. ಬಿಯರ್ ಮಾಡಿದ ದಿನವೇ 55 ಗ್ರಾಂ ತುಂಡುಗಳನ್ನು ಗಾಜಿನ ಭರಣಿಗೆ ಹಾಕಿ, ಮುಳುಗುವಷ್ಟು ಬರ್ಬನ್ ಸುರಿದು ಮುಚ್ಚಿಡಿ. ಬರ್ಬನ್ನಿಗೆ ದೊಡ್ಡ ದುಡ್ಡು ಸುರಿಯಬೇಡಿ. ವೈಲ್ಡ್ ಟರ್ಕಿ 101 ಸಾಕು, ಅದರ ಖಾರ ಸ್ಟೌಟಿನೊಳಗೂ ಕಳೆದುಹೋಗುವುದಿಲ್ಲ. ತೆಳು ಚಕ್ಕೆಗಳನ್ನೂ ಮಾರುತ್ತಾರೆ. ಅವು ಒಂದೆರಡು ವಾರದಲ್ಲೇ ಎಲ್ಲವನ್ನೂ ಬಿಟ್ಟುಕೊಡುತ್ತವೆ, ಆದರೆ ರುಚಿ ಹಸಿ ಮರದ ಕಡೆ ವಾಲುತ್ತದೆ.

ಮೂರು ವಾರದ ಮೇಲೆ ಬಿಯರನ್ನು ಸೈಫನ್ನಿನಿಂದ, ಸದ್ದಿಲ್ಲದೆ, ಗುಳುಗುಳು ಅನ್ನಿಸದೆ ಎರಡನೇ ಫರ್ಮೆಂಟರಿಗೆ ಇಳಿಸಿ. ತುಂಡುಗಳನ್ನೂ ಬರ್ಬನ್ನನ್ನೂ ಒಟ್ಟಿಗೆ ಸೇರಿಸಿ, ಒಟ್ಟು ಬರ್ಬನ್ 350 ಮಿಲಿ ದಾಟದಿರಲಿ. ಮದ್ಯಾಂಶ ಹತ್ತು ದಾಟುತ್ತದೆ. ಮೂರನೇ ವಾರದಿಂದ ಪ್ರತಿ ಹತ್ತು ದಿನಕ್ಕೊಮ್ಮೆ ಒಂದು ಗುಟುಕು ತೆಗೆದು, ಮೊದಲು ಬರೆದಿಟ್ಟ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ನಾಲಿಗೆ ಒಣಗಿದಂತೆ ಅನ್ನಿಸಲು ಶುರುವಾದರೆ ಸಾಕು, ಬಿಯರನ್ನು ತುಂಡುಗಳಿಂದ ಬೇರ್ಪಡಿಸಿ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು.

ನಿಜವಾದ ಪೀಪಾಯಿಯೇ ಬೇಕು ಅನ್ನುವವರು ಹೋಂಬ್ರೂ ಕ್ಲಬ್ ಸೇರಿ. ಹತ್ತು ಜನ ತಲಾ ಐದು ಗ್ಯಾಲನ್ ಮಾಡಿ ಒಂದೇ ಪೀಪಾಯಿ ತುಂಬುವ ಪದ್ಧತಿ ಅಲ್ಲಿದೆ. ಒಂದು ಕಿವಿಮಾತು: ಪೀಪಾಯಿಯನ್ನು ತುಂಬುವ ಮೊದಲೇ ಅದರ ಕೊನೆಯ ಜಾಗದಲ್ಲಿ ಇಡಿ, ತುಂಬಿದ ಮೇಲೆ ಇನ್ನೂರೈವತ್ತು ಕಿಲೋ ತೂಗುತ್ತದೆ. ಹತ್ತರಲ್ಲಿ ಒಬ್ಬರ ಬಿಯರಿಗೆ ಸೋಂಕಿದ್ದರೂ ಎಲ್ಲರದ್ದೂ ಹುಳಿಯಾಗುತ್ತದೆ ಅನ್ನುವುದೂ ನೆನಪಿರಲಿ. ಈ ಪಾಡು ದೊಡ್ಡವರಿಗೂ ತಪ್ಪಿಲ್ಲ. 2015ರ ಬರ್ಬನ್ ಕೌಂಟಿಯ ಕೆಲವು ಬ್ಯಾಚುಗಳಲ್ಲಿ ಹುಳಿ ಬರಿಸುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿ, ಗೂಸ್ ಐಲ್ಯಾಂಡ್ ಗ್ರಾಹಕರಿಗೆ ದುಡ್ಡು ವಾಪಸ್ ಕೊಡಬೇಕಾಯಿತು. ಆ ಮೇಲೆ ಅವರು ಪಾಶ್ಚರೀಕರಣಕ್ಕೆ ಇಳಿದರು.

ಬಾಟಲಿಗೆ

ಎರಡು ದಿನ ಬಿಟ್ಟು ಬಿಟ್ಟು ಹೈಡ್ರೋಮೀಟರ್ ನೋಡಿ. ಅಂಕಿ ಬದಲಾಗುತ್ತಿದ್ದರೆ ತುಂಬಬೇಡಿ, ಬಾಟಲಿ ಸಿಡಿದೀತು. ಹಳೇ ಯೀಸ್ಟ್ ಸುಸ್ತಾಗಿರುತ್ತದೆ. ಹಾಗಾಗಿ ಸಿಬಿಸಿ-1ರಂಥ ಹೊಸ ಬಾಟಲಿಂಗ್ ಯೀಸ್ಟನ್ನು ಸ್ವಲ್ಪ ಸೇರಿಸಿ. ಸಕ್ಕರೆ 90 ಗ್ರಾಂ ಸಾಕು, ಈ ಬಿಯರಿಗೆ ಗ್ಯಾಸ್ ಕಡಿಮೆ ಇದ್ದರೇ ಚೆನ್ನ. ಮೂರು ವಾರ ಕೋಣೆಯ ಶಾಖದಲ್ಲಿ, ಆಮೇಲೆ ಎರಡು ಮೂರು ತಿಂಗಳು ತಂಪು ಕತ್ತಲಲ್ಲಿ ಇಡಿ.

355 ಮಿಲಿಯ 48 ಬಾಟಲಿ ಸಿಗಬಹುದು. ಸಾಮಾನಿನ ಖರ್ಚು ಸುಮಾರು 95 ಡಾಲರ್, ಬಾಟಲಿಗೆ ಎರಡು ಡಾಲರ್. ಪಾತ್ರೆ ಪಗಡೆಗೆ ಮೊದಲ ಸಲ ಮುನ್ನೂರು ಡಾಲರ್ ಬೇರೆ ಬೇಕು. ವರ್ಷಕ್ಕೆ ಎರಡು ಬಾಟಲಿ ಕುಡಿಯುವವರಿಗೆ ಇದು ಉಳಿತಾಯವೇ ಅಲ್ಲ. ಅವರು ಸುಮ್ನೆ ಕೊಳ್ಳುವುದೇ ಲೇಸು.

ಮಾಡಿದವರು ಡಿಸೆಂಬರಿನಲ್ಲಿ ಒಂದು ಕೊಂಡ ಬಾಟಲಿಯನ್ನೂ ಮನೆಯದನ್ನೂ ಹೆಸರು ಮುಚ್ಚಿ ಗೆಳೆಯರಿಗೆ ಕೊಡಿ. ಪರಿಮಳದಲ್ಲಿ ನಮ್ಮದು ಹತ್ತಿರ ಬರುತ್ತದೆ. ಗಂಟಲಿಗೆ ಇಳಿಯುವ ನಯದಲ್ಲಿ ಅವರದ್ದೇ ಮೇಲುಗೈ, ಅದು ಬೆರೆಸಿದವರ ಕೈಚಳಕ. ಮೂಲ ಬಗೆಗೆ ಹದಿನೈದು ಡಾಲರ್ ಕೊಡುವುದು ಆ ನಯಕ್ಕಾಗಿಯೇ, ಕೊಡಬಹುದು. ಆದರೆ ತೆಂಗಿನಕಾಯಿ, ವೆನಿಲಾ ಹಾಕಿದ ಮೂವತ್ತು ಡಾಲರಿನ ಬಾಟಲಿಗೆ ನಾನು ಕೊಡುವುದಿಲ್ಲ. ಎರಡು ವೆನಿಲಾ ಕೋಡು ಸೀಳಿ, ಉಳಿದ ಬರ್ಬನ್ನಿನಲ್ಲಿ ವಾರ ನೆನೆಸಿ, ಬಾಟಲಿ ತುಂಬುವ ದಿನ ಅರ್ಧ ಬ್ಯಾಚಿಗೆ ಸುರಿದರೆ ಅದೇ ಬಗೆ ಮನೆಯಲ್ಲೇ ತಯಾರು.